ಮಣ್ಣಿನ ಮಣಿ: ಸ್ಫಟಿಕವೋ, ಗಾಜೋ?

ಗದಗ ಸಮೀಪದ ಲಕ್ಕುಂಡಿಯಲ್ಲಿ 2026ರ ಜನವರಿಯಲ್ಲಿ ಮನೆಯ ಪಾಯ ಅಗೆಯುವಾಗ ತಾಮ್ರದ ಪಾತ್ರೆಯಲ್ಲಿ ಚಿನ್ನದ ಒಡವೆಗಳು ಸಿಕ್ಕವು. ಆಗ ಊರಿನ ಮಣ್ಣಿನ ಮೇಲೆ ಎಲ್ಲರ ಕಣ್ಣು ಬಿತ್ತು. ಚಿನ್ನವನ್ನು ಯಾರಾದರೂ ಗುರುತಿಸಿಯಾರು. ಆದರೆ ಇಂಥ ಹಳೆಯ ಊರುಗಳ ಮಣ್ಣಿನಲ್ಲಿ ಸಿಗುವ, ಬೆಳಕಿಗೆ ಹಿಡಿದರೆ ಮಸುಕಾಗಿ ಮಿನುಗುವ ಪುಟ್ಟ ಮಣಿ ಯಾವುದರದ್ದು? ಸ್ಫಟಿಕವೋ, ಅಕೀಕವೋ, ಬರೀ ಗಾಜೋ?

ಸ್ಫಟಿಕ ಮತ್ತು ಅಕೀಕ ಒಂದೇ ಮನೆತನದವು. ಎರಡೂ ಸಿಲಿಕಾ, ಹೊಲದಲ್ಲಿ ಕಾಣುವ ಬೆಣಚುಕಲ್ಲಿನ ದ್ರವ್ಯವೇ. ಅದು ದೊಡ್ಡ ಹರಳಾಗಿ ಬೆಳೆದರೆ ನೀರಿನಂತೆ ತಿಳಿಯಾದ ಸ್ಫಟಿಕ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಹೆಣೆದುಕೊಂಡರೆ ಮೇಣದ ಹೊಳಪಿನ, ಅರೆಪಾರದರ್ಶಕ ಕ್ಯಾಲ್ಸೆಡೊನಿ. ಅದರಲ್ಲಿ ಪಟ್ಟೆಗಳಿದ್ದರೆ ಅಕೀಕ. ಕಬ್ಬಿಣದ ಅಂಶದಿಂದ ಕೆಂಪೇರಿದ್ದರೆ ಕಾರ್ನೀಲಿಯನ್. ದಖನ್ನಿನ ಬಸಾಲ್ಟ್ ಶಿಲೆಯ ಪೊಟರೆಗಳಲ್ಲಿ ಇವು ಬೆಳೆಯುತ್ತವೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನದಲ್ಲೂ ಇಂಥ ಕಲ್ಲಿನ ಮಣಿಗಳು ದೊರೆತಿದ್ದವು.

ಗುರುತಿಸುವುದು ಹೇಗೆ? ಖನಿಜಗಳ ಗಡಸುತನದ ಮೋಸ್ ಮಾಪಕದಲ್ಲಿ ಸ್ಫಟಿಕಕ್ಕೆ 7, ಸಾಮಾನ್ಯ ಗಾಜಿಗೆ ಸುಮಾರು 5.5. ಹೀಗಾಗಿ ಸ್ಫಟಿಕವು ಗಾಜನ್ನು ಗೀರುತ್ತದೆ. ಆದರೆ ಹಳೆಯ ಮಣಿಯ ಮೇಲೆ ಈ ಪರೀಕ್ಷೆ ಸಲ್ಲದು. ಗೀರಿದ ಗುರುತು ಮತ್ತೆ ಅಳಿಯದು. ಕಣ್ಣು, ಕೈಗಳೇ ಸಾಕಷ್ಟು ಹೇಳುತ್ತವೆ. ಭೂತಗನ್ನಡಿಯಲ್ಲಿ ದುಂಡನೆಯ ಗಾಳಿಗುಳ್ಳೆ ಕಂಡರೆ ಅದು ಗಾಜು. ಸ್ಫಟಿಕ ಮುಟ್ಟಿದರೆ ಗಾಜಿಗಿಂತ ತಣ್ಣಗೆ, ಬೆಚ್ಚಗಾಗುವುದೂ ನಿಧಾನ. ಸ್ಫಟಿಕದ ದೊಡ್ಡ ಗುಂಡನ್ನು ಗೆರೆಯ ಮೇಲಿಟ್ಟು ತಿರುಗಿಸಿದರೆ ಕೆಲವು ಕೋನಗಳಲ್ಲಿ ಗೆರೆ ಎರಡಾಗಿ ಕಾಣುತ್ತದೆ, ಗಾಜಿನಲ್ಲಿ ಒಂದೇ.

ಹಾಗೆಂದು ಗಾಜಿನ ಮಣಿಯನ್ನು ಎಸೆಯುವಂತಿಲ್ಲ. ಲಕ್ಕುಂಡಿ ಎಂದರೆ ಶಾಸನಗಳ ಲೊಕ್ಕಿಗುಂಡಿ. ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ, ನಾಣ್ಯಗಳ ಟಂಕಸಾಲೆಯಿದ್ದ ಸಿರಿವಂತ ಊರು. ಅಲ್ಲಿನ ಗುಡಿಗಳನ್ನು ಕೆತ್ತಿದ್ದು ಉಳಿಗೆ ಸುಲಭವಾಗಿ ಒಗ್ಗುವ ಮೆದು ಕಲ್ಲಿನಲ್ಲಿ. ಉಕ್ಕಿನ ಚಾಕುವಿಗೂ ಮಣಿಯದ ಕಲ್ಲಿನಲ್ಲಿ ದಾರ ಪೋಣಿಸಲು ರಂಧ್ರ ಕೊರೆಯುವುದು ಬೇರೆಯದೇ ಕಸುಬು. ಅಂಥ ಮಣಿಯನ್ನು ಯಾರು ಮಾಡಿದರು, ಎಲ್ಲಿಂದ ತಂದರು ಎಂಬುದಕ್ಕೆ ಅದು ಬಿದ್ದಿದ್ದ ಜಾಗ, ಆಳ, ಅಕ್ಕಪಕ್ಕದ ಮಡಕೆ ಚೂರುಗಳೇ ಸಾಕ್ಷಿ.

ಪೇಟೆಯಲ್ಲಿ ಒಂಟಿ ಅಕೀಕದ ಮಣಿಗೆ ಹೆಚ್ಚಿನ ಬೆಲೆಯೇನೂ ಇಲ್ಲ. ಜೇಬಿಗಿಳಿಸಿದರೆ ಅದು ಬರೀ ಕಲ್ಲು. ಸಿಕ್ಕ ಜಾಗ ತೋರಿಸಿ ಪುರಾತತ್ವ ಇಲಾಖೆಗೆ ಒಪ್ಪಿಸಿದರೆ ಊರಿನ ಚರಿತ್ರೆಗೆ ಒಂದು ಸಾಲು ಸೇರೀತು.