ಬಳಸಿದ ನೀರಿನ ಬೆಲೆ

ನೀರನ್ನು ಮಾರಬಾರದೆಂದು ನಂಬಿದ ಮನೆತನಗಳಿಂದ ಬಂದ ಕನ್ನಡಿಗರೂ ಚೆನ್ನೈಯಲ್ಲಿ ನೆಲೆಸಿದ ಮೇಲೆ ಲಾರಿಯ ನೀರಿಗೆ ಹಣ ತೆತ್ತವರೇ. 2019ರ ಬೇಸಗೆಯಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬಹುಮಟ್ಟಿಗೆ ಬತ್ತಿಹೋಗಿ, ಜುಲೈ ತಿಂಗಳಲ್ಲಿ ಜೋಲಾರಪೇಟೆಯಿಂದ ರೈಲುಗಾಡಿಯಲ್ಲಿ ನೀರು ತರಿಸಬೇಕಾಯಿತು. ಗಾಡಿಯೊಂದಕ್ಕೆ 25 ಲಕ್ಷ ಲೀಟರು. ಅಷ್ಟು ದೊಡ್ಡ ನಗರಕ್ಕೆ ಅದು ಯಾವ ಮೂಲೆಗೆ? ಆದರೆ ಆ ದಿನಗಳಲ್ಲಿಯೂ ನಿಲ್ಲದ ಒಂದು ಹರಿವು ನಗರದ ನೆಲದಡಿಯಲ್ಲಿದ್ದಿತು. ಅದು ಮನೆಮನೆಯಿಂದ ಹೊರಬಿದ್ದ ಕೊಳಚೆನೀರು.

ನೀರಿನ ಉದ್ಯಮವೆಂದೊಡನೆ ಕಡಲತೀರದವರ ಕಣ್ಣು ಕಡಲಿನತ್ತ ಹೊರಳುವುದು ಸಹಜ. ಮಿಂಜೂರಿನಲ್ಲಿ 2010ರಲ್ಲಿಯೂ ನೆಮ್ಮೇಲಿಯಲ್ಲಿ 2013ರಲ್ಲಿಯೂ ದಿನಕ್ಕೆ 10 ಕೋಟಿ ಲೀಟರು ಸಿಹಿನೀರು ಕೊಡಬಲ್ಲ ಸ್ಥಾವರಗಳು ಆರಂಭವಾದವು. ಮಿಂಜೂರಿನದು ಖಾಸಗಿ ಬಂಡವಾಳದಿಂದಾದುದು. ಒಪ್ಪಂದದ ಆರಂಭದ ದರ ಸಾವಿರ ಲೀಟರಿಗೆ ಸುಮಾರು 48 ರೂಪಾಯಿ. ಇದರಲ್ಲಿ ವಿದ್ಯುತ್ತಿನ ಪಾಲು ದೊಡ್ಡದು. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದು. ಉಪ್ಪನ್ನು ತಡೆದು ನೀರನ್ನಷ್ಟೇ ಬಿಡುವ ತೆಳುಪೊರೆಯ ಎರಡು ಮಗ್ಗುಲಲ್ಲಿ ಸಿಹಿನೀರನ್ನೂ ಉಪ್ಪುನೀರನ್ನೂ ಇಟ್ಟರೆ, ಸಿಹಿನೀರೇ ಉಪ್ಪುನೀರಿನತ್ತ ಸರಿಯುವುದು ಪ್ರಕೃತಿನಿಯಮ. ಅದನ್ನು ಹಿಮ್ಮೊಗವಾಗಿಸಲು ವಾಯುಭಾರದ ಐವತ್ತು ಅರವತ್ತು ಪಟ್ಟು ಒತ್ತಡ ಬೇಕು. ಊರ ಕೊಳಚೆಯಲ್ಲಿ ಕರಗಿದ ಲವಣವಾದರೋ ಸಾಮಾನ್ಯವಾಗಿ ಲೀಟರಿಗೆ ಒಂದೆರಡು ಗ್ರಾಂ. ಒತ್ತಡವೂ ವಿದ್ಯುತ್ತಿನ ವೆಚ್ಚವೂ ಅದಕ್ಕೆ ತಕ್ಕಂತೆ ಇಳಿಯುವುವು. ಮೂಗು ಮುಚ್ಚಿಕೊಳ್ಳುವಂತಹ ನೀರೇ ಲೆಕ್ಕದ ಪುಸ್ತಕದಲ್ಲಿ ಕಡಲಿಗಿಂತ ಲೇಸು!

ಮಣಲಿಯ ತೈಲಶುದ್ಧಿ ಹಾಗೂ ರಸಗೊಬ್ಬರದ ಕಾರ್ಖಾನೆಗಳು ಇದನ್ನು 1990ರ ದಶಕದಲ್ಲಿಯೇ ಅರಿತು ನಗರದ ಕೊಳಚೆನೀರನ್ನು ಕೊಂಡು ಶುದ್ಧಗೊಳಿಸಿಕೊಂಡವು. 2019ರಲ್ಲಿ ಕೊಡುಂಗೈಯೂರು, ಕೋಯಂಬೇಡುಗಳಲ್ಲಿ ದಿನಕ್ಕೆ ತಲಾ 4.5 ಕೋಟಿ ಲೀಟರಿನ ಸ್ಥಾವರಗಳು ಕಾರ್ಖಾನೆಗಳಿಗಾಗಿಯೇ ಆರಂಭವಾದವು. ಯಂತ್ರವನ್ನು ತಣಿಸಲು ಕುಡಿಯುವ ನೀರು ಬೇಕಿಲ್ಲ. ಕಾರ್ಖಾನೆಯು ಬಿಟ್ಟುಕೊಟ್ಟಷ್ಟು ಕೆರೆಯ ನೀರು ಮನೆಗಳಿಗೆ ಉಳಿಯುವುದು.

ಇಂತಹ ಸ್ಥಾವರ ಕಟ್ಟುವುದು ದೊಡ್ಡ ಬಂಡವಾಳದವರ ಮಾತು. ಆದರೆ ಕೊಳಚೆನೀರಿನ ಜೀವಾಣುಗಳು ಪೊರೆಯ ಮೇಲೆ ಲೋಳೆ ಕಟ್ಟುತ್ತವೆ. ಅದನ್ನು ಆಗಾಗ ತೊಳೆಯಬೇಕು, ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು, ನೀರನ್ನು ನಿತ್ಯವೂ ಪರೀಕ್ಷಿಸಬೇಕು. ವಸತಿ ಸಮುಚ್ಚಯಗಳ ಸಣ್ಣ ಸ್ಥಾವರಗಳು ಕೆಡುವುದು ಬಹುಮಟ್ಟಿಗೆ ಯಂತ್ರದೋಷದಿಂದಲ್ಲ, ನೋಡಿಕೊಳ್ಳುವವರಿಲ್ಲದೆ. ರಸಾಯನಶಾಸ್ತ್ರ ಬಲ್ಲ ನಾಲ್ಕು ಮಂದಿ ಯುವಕರಿಗೆ ಇಲ್ಲಿರುವ ಅವಕಾಶವು ಗುತ್ತಿಗೆದಾರನ ಅವಕಾಶಕ್ಕಿಂತ ಕಡಮೆಯದಲ್ಲ.

ಒಂದು ಅಡ್ಡಿಯುಂಟು. ಲಾರಿಯವನು ಹಳ್ಳಿಯ ಬಾವಿಯಿಂದ ಎತ್ತುವ ನೀರಿಗೆ ಪಂಪಿನ ಮತ್ತು ಸಾಗಣೆಯ ವೆಚ್ಚವನ್ನಲ್ಲದೆ ಬತ್ತಿದ ಅಂತರ್ಜಲದ ಬೆಲೆಯನ್ನು ಯಾರಿಗೂ ತೆರುವುದಿಲ್ಲ. ಆ ನೀರು ಅಗ್ಗವಾಗಿರುವವರೆಗೆ ಶುದ್ಧೀಕರಿಸಿದ ನೀರಿಗೆ ಗಿರಾಕಿಯು ತಾನಾಗಿ ಬರಲಾರನು.

ಕರ್ನಾಟಕದಲ್ಲಿ ಇದೇ ಪ್ರಶ್ನೆ ಬೇರೊಂದು ರೂಪ ತಳೆದಿದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆನೀರು ಎರಡನೆಯ ಹಂತದವರೆಗೆ ಶುದ್ಧಿಗೊಂಡು 2018ರಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಕೆರೆಗಳು ತುಂಬಿದವು, ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂಬ ಒತ್ತಾಯವೂ ಎದ್ದಿತು. ಚೆನ್ನೈಯಲ್ಲಿ ಆ ಹಂತದ ವೆಚ್ಚಕ್ಕೆ ಕಾರ್ಖಾನೆಗಳ ಹಣವುಂಟು. ಕೋಲಾರದ ರೈತನು ಅದನ್ನು ತೆರಲಾರನು. ಆ ನೀರನ್ನು ಕೊಳೆ ಮಾಡಿದವನೂ ಅವನಲ್ಲ.