ತಿರುವಿನಲ್ಲಿ ಟೈರುಗಳ ಲೆಕ್ಕ

ತಿರುವಿನಲ್ಲಿ ಕಾರಿನ ಭದ್ರತೆಯೆಲ್ಲ ಟೈರುಗಳು ನೆಲ ಮುಟ್ಟುವ, ತಲಾ ಅಂಗೈಯಗಲದ ನಾಲ್ಕು ಜಾಗಗಳಲ್ಲಿದೆ. ಕಾರು ತಿರುಗುವಾಗ ಭಾರ ಹೊರಬದಿಯ ಚಕ್ರಗಳ ಮೇಲೆ ಬಿದ್ದು ಒಳಬದಿಯವು ಹಗುರಾಗುತ್ತವೆ. ಭಾರ ಹೆಚ್ಚಿದಂತೆ ಟೈರಿನ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಒಳಗಿನ ಟೈರು ಕಳೆದುಕೊಂಡಷ್ಟನ್ನು ಹೊರಗಿನದು ತುಂಬಿಕೊಡಲಾರದು. ಈ ನಷ್ಟವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸರಿಯಾಗಿ ಹಂಚುವುದೇ ಸಸ್ಪೆನ್ಷನ್ ಹದಗೊಳಿಸುವ ಕಸುಬಿನ ತಿರುಳು.

ಹಂಚಿಕೆಯ ಮುಖ್ಯ ಸಾಧನ ಆಂಟಿ ರೋಲ್ ಬಾರ್. ಎಡಬಲದ ಚಕ್ರಗಳನ್ನು ಬೆಸೆಯುವ ಈ ಉಕ್ಕಿನ ಸರಳು ತಾನು ತಿರುಚಿಕೊಂಡು ಕಾರು ವಾಲದಂತೆ ತಡೆಯುತ್ತದೆ. ಮುಂದಿನ ಸರಳನ್ನು ದಪ್ಪಗೊಳಿಸಿದರೆ ಆ ನಷ್ಟದ ಹೆಚ್ಚು ಪಾಲು ಮುಂದಕ್ಕೆ ಬಂದು ಮುಂದಿನ ಟೈರುಗಳು ಮೊದಲು ಹಿಡಿತ ಬಿಡುತ್ತವೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ಹೊರಕ್ಕೇ ಎಳೆಯುತ್ತದೆ. ಇದು ಅಂಡರ್‌ಸ್ಟಿಯರ್. ಹಿಂದಿನದು ಅತಿಯಾದರೆ ಹಿಂಭಾಗ ಜಾರಿ ಕಾರು ಸುತ್ತಿಬಿಡಬಹುದು. ಇದು ಓವರ್‌ಸ್ಟಿಯರ್, ಮಳೆಯ ರಸ್ತೆಯಲ್ಲಿ ಇನ್ನೂ ಅಪಾಯ. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಎಂಜಿನಿಯರ್ ಮಾರಿಸ್ ಆಲಿ ಈ ಗುಣಗಳನ್ನು ಮೊದಮೊದಲಿಗೆ ಕ್ರಮಬದ್ಧವಾಗಿ ಅಭ್ಯಸಿಸಿದವರಲ್ಲೊಬ್ಬರು.

ಚಕ್ರದ ನೆತ್ತಿ ಒಳಕ್ಕೆ ಬಾಗಿದ್ದರೆ ನೆಗೆಟಿವ್ ಕ್ಯಾಂಬರ್. ಕಾರು ವಾಲಿದಾಗ ಹೊರಗಿನ ಟೈರು ನೆಲಕ್ಕೆ ಸಪಾಟಾಗಿ ಕೂರಲೆಂದು ಈ ಏರ್ಪಾಡು. ರೇಸ್ ಕಾರುಗಳಲ್ಲಿ 3 ಡಿಗ್ರಿಯಷ್ಟಿದ್ದರೂ ನಡೆಯುತ್ತದೆ. ದಿನಬಳಕೆಯ ಕಾರಿನಲ್ಲಿ ಅಷ್ಟಾದರೆ ಟೈರಿನ ಒಳಅಂಚು ಬೇಗ ಸವೆಯುತ್ತದೆ, ನೇರ ರಸ್ತೆಯಲ್ಲಿ ಬ್ರೇಕಿನ ಹಿಡಿತವೂ ತಗ್ಗುತ್ತದೆ.

ಸ್ಪ್ರಿಂಗ್ ಭಾರ ಹೊರುತ್ತದೆ. ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಎರಡೂ ಗಟ್ಟಿಯಾದಷ್ಟೂ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಉಬ್ಬುತಗ್ಗಿನ ರಸ್ತೆಯಲ್ಲಿ ಗಟ್ಟಿ ಸಸ್ಪೆನ್ಷನ್ ಚಕ್ರವನ್ನು ನೆಲದಿಂದ ಎತ್ತಿಬಿಡುತ್ತದೆ, ನೆಲ ಬಿಟ್ಟ ಟೈರಿಗೆ ಹಿಡಿತವೇ ಇಲ್ಲ. ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣುದಾರಿಯಲ್ಲಿ ಓಡುವ ರ‍್ಯಾಲಿ ಕಾರಿಗೆ ಎತ್ತರವೂ ಮೆತ್ತನೆಯ, ಉದ್ದ ಚಲನೆಯ ಸಸ್ಪೆನ್ಷನ್ನೂ ಬೇಕು. ಚೆನ್ನೈ ಬಳಿಯ ನುಣುಪು ಟ್ರ್ಯಾಕಿಗೆ ತಗ್ಗಿನ, ಬಿಗಿಯಾದ ಕಾರು. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವುದಂತೂ ಯಾವ ದಾರಿಗೂ ಸಲ್ಲದು: ಚಲನೆಗೆ ಜಾಗವಿಲ್ಲದೆ ಸಸ್ಪೆನ್ಷನ್ ರಬ್ಬರ್ ತಡೆಗೆ ಬಡಿಯುತ್ತದೆ, ತಿರುವಿನ ನಡುವೆಯೇ ಹಿಡಿತ ತಪ್ಪುತ್ತದೆ.

ಕೆಲಸಕ್ಕೂ ಒಂದು ಕ್ರಮವಿದೆ. ಮೊದಲು ಸಸ್ಪೆನ್ಷನ್ ಕೀಲುಗಳಲ್ಲಿ ಸವೆದ ಬುಷ್, ಬಾಲ್ ಜಾಯಿಂಟ್ ಬದಲಿಸಿ ಟೈರಿನ ಗಾಳಿ ಸರಿಪಡಿಸಬೇಕು. ಬಳಿಕ ಒಂದು ಸಲಕ್ಕೆ ಒಂದೇ ಬದಲಾವಣೆ. ಕಾರಿನ ಎತ್ತರ ಬದಲಾದರೆ ಚಕ್ರದ ಕೋನಗಳೂ ಬದಲಾಗುವುದರಿಂದ ವೀಲ್ ಅಲೈನ್‌ಮೆಂಟ್ ಕೊನೆಯಲ್ಲಿ.