ಸರ್ವರುಗಳಲ್ಲಿ ದೋಷಪರಿಹಾರಕ ಮೆಮೊರಿ: ಆಯ್ಕೆಯ ವಿಚಾರ

ನಮ್ಮ ಶಾಸನಗಳಲ್ಲಿ ಕಾಲನಿರ್ದೇಶವು ಬಹುಧಾ ಒಂದು ಸಂಖ್ಯೆಯಿಂದ ಮುಗಿಯುವುದಿಲ್ಲ. ಶಕವರ್ಷದೊಡನೆ ಸಂವತ್ಸರದ ಹೆಸರು, ಮಾಸ, ತಿಥಿ, ವಾರ ಇವೂ ಬರುತ್ತವೆ. ಒಂದು ಅಂಕವು ತಪ್ಪಾಗಿ ಕೆತ್ತಲ್ಪಟ್ಟಿದ್ದರೂ ಉಳಿದ ಅಂಗಗಳ ಸಾಕ್ಷ್ಯದಿಂದ ತಪ್ಪನ್ನು ಗುರುತಿಸಬಹುದು. ಅನೇಕ ವೇಳೆ ತಿದ್ದಲೂಬಹುದು. ವ್ಯಾಪಾರಸಂಸ್ಥೆಗಳ ಸರ್ವರುಗಳಲ್ಲಿ ಬಳಸುವ ದೋಷಪರಿಹಾರಕ ಮೆಮೊರಿಯ ತತ್ತ್ವವೂ ಇದೇ. ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯಕ್ಕೆ ಕೈಹಾಕಲು ಇಷ್ಟು ನೆಪ ಸಾಕು.

ಇದಕ್ಕೆ ಗಣಿತದ ರೂಪ ಕೊಟ್ಟವರು ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್. ವಾರಾಂತ್ಯದಲ್ಲಿ ಅವರು ಒಪ್ಪಿಸಿಹೋದ ಲೆಕ್ಕವನ್ನು ಗಣಕಯಂತ್ರವು ದೋಷ ಕಂಡೊಡನೆ ಕೈಬಿಡುತ್ತಿತ್ತು. ತಪ್ಪಿದೆಯೆಂದು ಅರಿಯಬಲ್ಲ ಯಂತ್ರವು ತಪ್ಪಿನ ಸ್ಥಾನವನ್ನು ಏಕೆ ಅರಿಯಬಾರದು? ಈ ಪ್ರಶ್ನೆಯ ಫಲವಾದ ಸಂಕೇತಪದ್ಧತಿಯನ್ನು ಅವರು 1950ರಲ್ಲಿ ಪ್ರಕಟಿಸಿದರು. ಅದರ ಮುಂದುವರಿದ ರೂಪದಲ್ಲಿ 64 ಬಿಟ್‌ಗಳಿಗೆ 8 ಪರೀಕ್ಷಾಬಿಟ್‌ಗಳನ್ನು ಸೇರಿಸಿದರೆ ಒಂದು ಬಿಟ್ಟಿನ ತಪ್ಪನ್ನು ತಿದ್ದಬಹುದು, ಎರಡರ ತಪ್ಪನ್ನು ಪತ್ತೆಹಚ್ಚಬಹುದು.

ಇಂಥ ತಪ್ಪುಗಳು ಅಪೂರ್ವವೆಂಬ ನಂಬಿಕೆಗೆ ಆಧಾರವಿಲ್ಲ. ಗೂಗಲ್ ಸಂಸ್ಥೆಯ ಯಂತ್ರಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ 8ಕ್ಕೂ ಹೆಚ್ಚು ಮಾಡ್ಯೂಲುಗಳು ವರ್ಷದಲ್ಲಿ ಒಮ್ಮೆಯಾದರೂ ದೋಷ ತೋರಿದ್ದುವು. 2003ರಲ್ಲಿ ಬೆಲ್ಜಿಯಮ್ಮಿನ ಸ್ಖಾರ್ಬೇಕ್ ಎಂಬಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಗಣಕಯಂತ್ರವು 4096 ಮತಗಳನ್ನು ಹೆಚ್ಚಾಗಿ ಎಣಿಸಿತು. ಈ ಸಂಖ್ಯೆ ಎರಡರ ಹನ್ನೆರಡನೆಯ ಘಾತ. ಅಂದರೆ ಒಂದೇ ಒಂದು ಬಿಟ್ಟಿನ ಬೆಲೆ. ಬಿಟ್ಟು ತಾನಾಗಿ ಮಗುಚಿತೆಂಬುದು ತಜ್ಞರ ಊಹೆ. ಮತಸಂಖ್ಯೆಯು ಸಾಧ್ಯತೆಯನ್ನು ಮೀರಿದ್ದರಿಂದ ತಪ್ಪು ಬೆಳಕಿಗೆ ಬಂತು. ವರ್ತಕರ ಖಾತೆಯಲ್ಲಿ ಸಂಭವನೀಯವಾದ ಮೊತ್ತವೊಂದು ಹೀಗೆ ಬದಲಾದರೆ ಕೇಳುವವರು ಯಾರು?

ಆದುದರಿಂದ ಸರ್ವರಿನ ಮೆಮೊರಿಯನ್ನು ಹೆಚ್ಚಿಸುವವರು ಗಾತ್ರವನ್ನೂ ಬೆಲೆಯನ್ನೂ ಮಾತ್ರ ನೋಡತಕ್ಕದ್ದಲ್ಲ. ಪ್ರೊಸೆಸರು, ಮದರ್‌ಬೋರ್ಡು ಎರಡೂ ದೋಷಪರಿಹಾರವನ್ನು ಬೆಂಬಲಿಸಬೇಕು. ಇಲ್ಲವಾದರೆ ಹೆಚ್ಚು ತೆತ್ತು ಕೊಂಡ ಮಾಡ್ಯೂಲು ವ್ಯರ್ಥ. ದೊಡ್ಡ ಸರ್ವರುಗಳು ಸಾಮಾನ್ಯವಾಗಿ ರಿಜಿಸ್ಟರ್ಡ್ ಜಾತಿಯನ್ನೂ ಸಣ್ಣವು ಅನ್‌ಬಫರ್ಡ್ ಜಾತಿಯನ್ನೂ ಅಪೇಕ್ಷಿಸುತ್ತವೆ. ಎರಡರಲ್ಲಿಯೂ ದೋಷಪರಿಹಾರವಿರಬಹುದು, ಆದರೆ ಅವನ್ನು ಒಂದೇ ಯಂತ್ರದಲ್ಲಿ ಬೆರೆಸಲಾಗದು. ತಯಾರಕರ ಅನುಮೋದಿತ ಪಟ್ಟಿಯನ್ನು ನೋಡಿಯೇ ಕೊಳ್ಳುವುದು ಕ್ಷೇಮ. ವೇಗದ ವಿಷಯದಲ್ಲಿ ಚಿಂತೆ ಬೇಡ: ಎಲ್ಲವೂ ನಿಧಾನವಾದ ಮಾಡ್ಯೂಲಿನ ಗತಿಗೇ ಇಳಿಯುತ್ತವೆ.

ಡಿ.ಡಿ.ಆರ್. 5 ಬಂದಮೇಲೆ ಒಂದು ಭ್ರಾಂತಿ ಹಬ್ಬಿದೆ. ಅದರ ಪ್ರತಿಯೊಂದು ಚಿಪ್ಪಿನೊಳಗೂ ತಿದ್ದುವ ವ್ಯವಸ್ಥೆಯಿರುವುದು ನಿಜ. ಆದರೆ ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆಗುವ ತಪ್ಪು ಅದಕ್ಕೆ ಕಾಣದು. ಹೆಚ್ಚುವರಿ ಪರೀಕ್ಷಾಬಿಟ್‌ಗಳನ್ನು ಹೊತ್ತ ಮಾಡ್ಯೂಲಿಗೆ ಅದು ಬದಲಿಯಲ್ಲ. ಮಾರುವವರು ಹೇಗೆ ಹೇಳಿದರೂ ಸರಿಯೆ.

ಕೊಂಡಮೇಲೆ ದೋಷಗಳ ದಾಖಲೆಯನ್ನು ಓದುವವರು ವಿರಳ. ಮೇಲೆ ಹೇಳಿದ ಅಧ್ಯಯನದಂತೆ ಒಮ್ಮೆ ತಿದ್ದಿಸಿಕೊಂಡ ಮಾಡ್ಯೂಲು ಮತ್ತೆ ತಪ್ಪುವ ಸಂಭವ ಹೆಚ್ಚು. ಪದೇಪದೇ ಹೆಸರು ಕಾಣಿಸಿಕೊಳ್ಳುವ ಮಾಡ್ಯೂಲನ್ನು, ಯಂತ್ರವನ್ನು ನಿಲ್ಲಿಸಿ ತೆಗೆದು ಬೇರೆಯದನ್ನು ಹಾಕಲು ಏರ್ಪಾಟು ಮಾಡತಕ್ಕದ್ದು.